ಬಾನುಲಿ ನಾಟಕ: ಲಿಂಗಸುಗೂರು ಸೀಮೆಯಲ್ಲಿ ರಂಗಕೃತಿಗಳ ಶ್ರವ್ಯರೂಪ

ರಂಗಕ್ಕೆಂದು ಬರೆದ ನಾಟಕವನ್ನು ಮಾತು, ಹಾಡು, ಸದ್ದುಗಳಿಂದಲೇ ಕೇಳುಗರಿಗೆ ಮುಟ್ಟಿಸುವ ಪ್ರಕಾರ. ಬಾನುಲಿಗೆಂದೇ ಬರೆದ ನಾಟಕ, ರೂಪಕಗಳಿಗಿಂತ ಇದು ಬೇರೆ. ರಾಯಚೂರು ಜಿಲ್ಲೆಯ ಲಿಂಗಸುಗೂರು, ಸಿಂಧನೂರು, ಮಸ್ಕಿ ಭಾಗಕ್ಕೆ ಇದು ಬಹುಕಾಲ ದೂರದ ಕೇಂದ್ರಗಳಿಂದಲೇ ಬರಬೇಕಾಯಿತು. ಆದರೆ ಆ ಕೇಂದ್ರಗಳು ಎತ್ತಿಕೊಂಡ ರಂಗಪರಂಪರೆ ಈ ಸೀಮೆಯ ಜಾತ್ರೆಗಳಲ್ಲಿ ರಾತ್ರಿಯಿಡೀ ನಡೆಯುತ್ತಿದ್ದ ಪರಂಪರೆಯೇ ಆಗಿತ್ತು.

ಹಿನ್ನೆಲೆ

ಇಂಗ್ಲೆಂಡಿನ ಬಿಬಿಸಿ 1923ರ ಮೇ ತಿಂಗಳಲ್ಲಿ ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ಅನ್ನು ಪ್ರಸಾರ ಮಾಡಿತು. ರಂಗಕೃತಿಯೊಂದು ಹೆಚ್ಚುಕಡಿಮೆ ಪೂರ್ಣವಾಗಿ ಬಾನುಲಿಗೆ ಬಂದ ಮೊದಲ ನಿದರ್ಶನಗಳಲ್ಲಿ ಅದೊಂದು. ಕನ್ನಡದಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಿಂದಲೇ ಆರಂಭಿಸಿದ ‘ಆಕಾಶವಾಣಿ’ ಮೊದಲ ಬಾನುಲಿ ಕೇಂದ್ರ. ಲಿಂಗಸುಗೂರು ಆಗ ನಿಜಾಮರ ಸಂಸ್ಥಾನಕ್ಕೆ ಸೇರಿತ್ತು. ಹೈದರಾಬಾದಿನ ಡೆಕ್ಕನ್ ರೇಡಿಯೊದಲ್ಲಿ ಉರ್ದುವಿಗೆ ಮೊದಲ ಮಣೆ. ಕನ್ನಡಕ್ಕೆ ಸಿಕ್ಕ ಪಾಲು ಸಣ್ಣದು. 1950ರ ಜನವರಿಯಲ್ಲಿ ಧಾರವಾಡ ಕೇಂದ್ರ ಆರಂಭವಾಯಿತು. 1956ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಕಲಬುರಗಿಗೆ ಕೇಂದ್ರ ಬಂದದ್ದು 1966ರಲ್ಲಿ. ನಡುವಿನ ಆ ಹತ್ತು ವರ್ಷಗಳಲ್ಲಿ ಇಲ್ಲಿನ ಕಿವಿ ಧಾರವಾಡದ ಕಡೆಗಿತ್ತೆನ್ನಬಹುದು. ದ.ರಾ. ಬೇಂದ್ರೆ ಸಲಹೆಗಾರರಾಗಿದ್ದ, ಎನ್.ಕೆ. ಕುಲಕರ್ಣಿ (ಎನ್ಕೆ) ಕೆಲಸ ಮಾಡಿದ ಆ ಕೇಂದ್ರದ ಮಾತಿನ ಧಾಟಿ ಈ ಭಾಗಕ್ಕೆ ಪರಕೀಯವಾಗಿರಲಿಲ್ಲ.

ಆಲಿಕೆಯ ಸ್ಥಿತಿ

ಲಿಂಗಸುಗೂರಿನಿಂದ ನೇರ ಅಳತೆಯಲ್ಲಿ ಕಲಬುರಗಿ ಸುಮಾರು 130, ಧಾರವಾಡ ಸುಮಾರು 180 ಕಿ.ಮೀ. ಮಧ್ಯಮ ತರಂಗದ ಪ್ರಸಾರ ಹಗಲಿನಲ್ಲಿ ನೆಲವನ್ನು ಹಿಡಿದು ಸಾಗುತ್ತದೆ. ಕತ್ತಲಾದ ಮೇಲೆ ವಾತಾವರಣದ ಮೇಲ್ಪದರದಿಂದ ಮರಳಿ ಬರುವ ಅಲೆಯೂ ಅದಕ್ಕೆ ಕೂಡಿಕೊಳ್ಳುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ ಬಲದಲ್ಲಿ ತಲಪುವ ದೂರದಲ್ಲಿ ಧ್ವನಿ ಏರುತ್ತ ಇಳಿಯುತ್ತ, ಕೆಲವೊಮ್ಮೆ ಒಡೆದು ಕೇಳುತ್ತದೆ. ನಾಟಕಗಳು ಹೆಚ್ಚಾಗಿ ಪ್ರಸಾರವಾಗುತ್ತಿದ್ದುದು ರಾತ್ರಿ ಊಟದ ಹೊತ್ತಿನ ನಂತರ. ಪಿಸುಮಾತು, ನಿಟ್ಟುಸಿರು, ದೂರದ ಹೆಜ್ಜೆ ಸಪ್ಪಳಗಳನ್ನು ನೆಚ್ಚಿದ ನವ್ಯ ನಾಟಕಗಳು ಇಂಥ ಆಲಿಕೆಯಲ್ಲಿ ಸೊರಗುತ್ತವೆ. ಗಟ್ಟಿದನಿಯ ಪೌರಾಣಿಕಗಳು ಉಳಿದುಕೊಳ್ಳುತ್ತವೆ. ಈ ಸೀಮೆಯ ಅಭಿರುಚಿಯನ್ನು ಚರ್ಚಿಸುವವರು ಈ ಭೌತಿಕ ಕಾರಣವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕಂಪನಿ ನಾಟಕದಿಂದ ಮೈಕಿಗೆ

ಈ ಭಾಗದ ರಂಗಪರಂಪರೆಯಲ್ಲಿ ಕಂದಗಲ್ಲ ಹನುಮಂತರಾಯರ (1896–1966) ಹೆಸರು ಮೊದಲು ಬರುತ್ತದೆ. ಅವರ ‘ರಕ್ತರಾತ್ರಿ’, ‘ಕುರುಕ್ಷೇತ್ರ’, ‘ಅಕ್ಷಯಾಂಬರ’ಗಳನ್ನು ವೃತ್ತಿ ಕಂಪನಿಗಳಷ್ಟೇ ಹಳ್ಳಿಯ ಹವ್ಯಾಸಿಗಳೂ ಪೇಟಿ ಮಾಸ್ತರರ ಕೈಕೆಳಗೆ ತಿಂಗಳುಗಟ್ಟಲೆ ತಾಲೀಮು ಮಾಡಿ ಆಡುತ್ತ ಬಂದಿದ್ದಾರೆ. ಅವರನ್ನು ‘ಕನ್ನಡದ ಷೇಕ್ಸ್‌ಪಿಯರ್’ ಎನ್ನುವುದುಂಟು. ಹೋಲಿಕೆ ಅಭಿಮಾನದ್ದು, ವಿಮರ್ಶೆಯದ್ದಲ್ಲ. ಬಾನುಲಿಯ ಮಟ್ಟಿಗೆ ಮಾತ್ರ ಅವರ ಬರವಣಿಗೆಗೆ ಒಂದು ವಿಶೇಷ ಅನುಕೂಲವಿದೆ.

ರಂಗದ ಮೇಲೆ ಪಾತ್ರ ಬಂದೊಡನೆ ಕಿರೀಟ, ಗದೆ, ನಡಿಗೆಗಳೇ ಗುರುತು ಹೇಳುತ್ತವೆ. ಮೈಕಿನ ಮುಂದೆ ಆ ಸೌಲಭ್ಯವಿಲ್ಲ. ಆಧುನಿಕ ನಾಟಕವನ್ನು ಬಾನುಲಿಗೆ ಅಳವಡಿಸುವವರು ಪಾತ್ರಗಳ ಹೆಸರನ್ನು ಸಂಭಾಷಣೆಯೊಳಗೆ ನುಸುಳಿಸಬೇಕಾಗುತ್ತದೆ, ಆ ತೇಪೆ ಎಷ್ಟೋ ಸಲ ಎದ್ದು ಕಾಣುತ್ತದೆ. ಪೌರಾಣಿಕದಲ್ಲಿ ಒಬ್ಬರನ್ನೊಬ್ಬರು ಗುರುಪುತ್ರ, ಗಾಂಧಾರರಾಜ, ಕುರುಕುಲತಿಲಕ ಎಂದು ಕೂಗಿಯೇ ಮಾತಿಗಿಳಿಯುವುದು ರೂಢಿ. ರಂಗದ ಮೇಲೆ ಆಡಂಬರವೆನಿಸುವ ಈ ಸಂಬೋಧನೆಗಳು ಬಾನುಲಿಯಲ್ಲಿ ಕೆಲಸಕ್ಕೆ ಬರುತ್ತವೆ. ಪ್ರಾಸ, ಅನುಪ್ರಾಸಗಳಿಂದ ತುಂಬಿದ ದೀರ್ಘ ಮಾತುಗಳೂ ಮೊದಲಿನಿಂದ ಕಿವಿಗಾಗಿಯೇ ಕಟ್ಟಿದವು.

ತೊಡಕುಗಳು ಬೇರೆ ಕಡೆ ಇದ್ದವು. ಮೊದಲನೆಯದು ಅವಧಿ. ನಾಲ್ಕೈದು ತಾಸಿನ ನಾಟಕವನ್ನು ಅರ್ಧ ತಾಸು, ಒಂದು ತಾಸಿಗೆ ಇಳಿಸುವಾಗ ಮೊದಲು ಹೋಗುವುದು ಹಾಸ್ಯದ ಉಪಕಥೆ. ಪೇಟಿಯ ಪೂರ್ವಾಲಾಪ ಹೋಗಿ, ಹಾಡು ಪಲ್ಲವಿ ಮತ್ತು ಒಂದು ಚರಣಕ್ಕೆ ನಿಲ್ಲುತ್ತದೆ. ‘ಒನ್ಸ್ ಮೋರ್’ಗೆ ಎಡೆಯೇ ಇಲ್ಲ. ಹಾಸ್ಯವನ್ನು ತೆಗೆದರೆ ಗದ್ದಲದ ನಡುವೆ ಉಸಿರಾಡಲು ಜಾಗ ಉಳಿಯುವುದಿಲ್ಲವೆಂಬುದು ಅನೇಕ ರೂಪಾಂತರಗಳಲ್ಲಿ ಕಂಡುಬರುವ ದೋಷ.

ಎರಡನೆಯದು ಕಂಠ. ಧ್ವನಿವರ್ಧಕವಿಲ್ಲದೆ ಕಡೆಯ ಸಾಲಿಗೆ ಮಾತು ಮುಟ್ಟಿಸಲು ಪಳಗಿದ ನಟ ಮೈಕಿನ ಸಮೀಪ ಗರ್ಜಿಸಿದರೆ ಧ್ವನಿ ಸೀಳುತ್ತದೆ. ಹಿಂದೆ ನಿಲ್ಲಿಸಿದರೆ ಕೋಣೆಯ ಮಾರ್ದನಿ ಸೇರಿ ರಣರಂಗದ ಬದಲು ಬಾವಿಯೊಳಗಿನ ಮಾತಿನಂತೆ ಕೇಳುತ್ತದೆ. ಸದ್ದು ಹೀರುವ ಗೋಡೆಗಳ ಕೋಣೆ ಬಯಲಿನ ದೃಶ್ಯಕ್ಕೂ, ಮಾರ್ದನಿಸುವ ಕೋಣೆ ಅರಮನೆ, ಗವಿಗಳ ದೃಶ್ಯಕ್ಕೂ ಒದಗುತ್ತವೆ. ಪ್ರವೇಶ, ನಿರ್ಗಮನಗಳನ್ನು ಮೈಕಿನಿಂದ ದೂರ ಸರಿದು, ಹತ್ತಿರ ಬಂದು ತೋರಿಸಬೇಕು. ‘ರಕ್ತರಾತ್ರಿ’ಯಂಥ ನಾಟಕದಲ್ಲಿ ಮುಖ್ಯ ಗಂಡು ಪಾತ್ರಗಳೆಲ್ಲ ವೀರರಸದವು. ಭೀಮ, ದುರ್ಯೋಧನ, ಅಶ್ವತ್ಥಾಮರ ದನಿಗಳು ಒಂದೇ ಶ್ರುತಿಯಲ್ಲಿದ್ದರೆ ಯಾರು ಯಾರನ್ನು ಕೊಂದರೆಂಬುದೇ ತಿಳಿಯದು. ಹಾಗಾಗಿ ಇಲ್ಲಿ ಪಾತ್ರ ಹಂಚುವುದೆಂದರೆ ಶ್ರುತಿ ಹಂಚುವುದು. ಶಕುನಿಗೆ ಮಾತ್ರ ಈ ತಾಪತ್ರಯವಿಲ್ಲ. ತಗ್ಗಿದ, ನಿಧಾನದ ದನಿಯ ಆ ಪಾತ್ರ ಮೈಕಿನ ಮುಂದೆ ನಾಯಕರನ್ನೂ ಮೀರಿಸಬಲ್ಲದು.

ಮೂರನೆಯದು ಮೌನ. ರಂಗದ ಮೇಲೆ ನಟ ಸುಮ್ಮನೆ ನಿಂತರೂ ನೋಡಲು ಏನಾದರೂ ಇರುತ್ತದೆ. ಬಾನುಲಿಯಲ್ಲಿ ಕೆಲವು ಸೆಕೆಂಡು ಮೀರಿದರೆ ಕೇಳುಗ ಸ್ಟೇಷನ್ ನಿಂತಿತೆಂದು ಗುಂಡಿ ತಿರುಗಿಸುತ್ತಾನೆ.

ಹಳ್ಳಿಯ ಹವ್ಯಾಸಿ ಸ್ಟುಡಿಯೊ ಮುಟ್ಟುವುದು ಸುಲಭವಿರಲಿಲ್ಲ. ಆಕಾಶವಾಣಿಯ ನಾಟಕ ಕಲಾವಿದರಿಗೆ ಧ್ವನಿಪರೀಕ್ಷೆ, ಅನಂತರ ‘ಬಿ’, ‘ಬಿ ಹೈ’, ‘ಎ’ ಎಂಬ ಶ್ರೇಣಿಗಳಿವೆ. ರಾತ್ರಿಯಿಡೀ ಗದೆ ತಿರುವುವ ಕಸುವನ್ನು ಆ ಪರೀಕ್ಷೆ ಅಳೆಯುವುದಿಲ್ಲ.

ಇತರ ರೂಪಗಳು

1956ರಲ್ಲಿ ಆರಂಭವಾದ ಆಕಾಶವಾಣಿಯ ರಾಷ್ಟ್ರೀಯ ನಾಟಕ ಕಾರ್ಯಕ್ರಮ ಬೇರೆ ಭಾರತೀಯ ಭಾಷೆಗಳ ಕೃತಿಗಳನ್ನು ಕನ್ನಡದಲ್ಲಿ ಕೇಳಿಸಿತು. ಬಾನುಲಿಯಿಂದ ರಂಗಕ್ಕೆ ನಡೆದ ಹಿಮ್ಮುಖ ಪಯಣಕ್ಕೂ ಉದಾಹರಣೆಯಿದೆ: ಗಿರೀಶ ಕಾರ್ನಾಡರು ಟಿಪ್ಪುವನ್ನು ಕುರಿತ ನಾಟಕವನ್ನು ಬಿಬಿಸಿ ರೇಡಿಯೊಕ್ಕಾಗಿ ಬರೆದರು, ಅದು ರಂಗಕ್ಕೆ ಬಂದದ್ದು ಆಮೇಲೆ. ಕ್ಯಾಸೆಟ್ ಕಾಲದಲ್ಲಿ ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ಪ್ರೇಕ್ಷಕರ ನಗೆಯ ಸಮೇತ ಮನೆಮನೆ ಹೊಕ್ಕಿತು. ಸ್ಟುಡಿಯೊ ನಾಟಕಕ್ಕೆ ಆ ನಗೆ ಎಂದೂ ದಕ್ಕಲಿಲ್ಲ.

ಹಳೆಯ ಪ್ರಸಾರಗಳಲ್ಲಿ ಬಹುಪಾಲು ಉಳಿದಿರಲಾರವು. ದುಬಾರಿ ಟೇಪನ್ನು ಅಳಿಸಿ ಮರುಬಳಸುವುದು ಬಾನುಲಿ ಕೇಂದ್ರಗಳಲ್ಲಿ ಸಾಮಾನ್ಯವಾಗಿತ್ತು. ಈಗ ರಾಯಚೂರಿನಲ್ಲೇ ಆಕಾಶವಾಣಿಯ ಎಫ್‌ಎಂ ಕೇಂದ್ರವಿದೆ. ಆದರೆ ‘ರಕ್ತರಾತ್ರಿ’ಯನ್ನು ಪೂರ್ತಿ ಕೇಳಬಯಸುವವರು ಹೆಚ್ಚಾಗಿ ಮೊರೆಹೋಗುವುದು ಜಾತ್ರೆಯ ಪ್ರಯೋಗಗಳ ಯೂಟ್ಯೂಬ್ ಮುದ್ರಣಗಳಿಗೆ. ಅವುಗಳಲ್ಲಿ ಹಾಸ್ಯವೂ ಇದೆ, ಪೇಟಿಯ ಪೂರ್ವಾಲಾಪವೂ ಇದೆ.