ಯಾರ ಪೈಕಿ? ನಂಟಿನ ಅಧ್ಯಯನ ನಡೆದು ಬಂದ ದಾರಿ

ಬೆಂಗಳೂರಿನ ಪೇಟೆಗೆ ಹೊಸಬರು ಬಂದರೆ ಹಿಂದಿನವರು ಹೆಸರಿಗಿಂತ ಮೊದಲು ಕೇಳುತ್ತಿದ್ದದ್ದು ‘ನೀವು ಯಾರ ಪೈಕಿ?’ ಎಂದು. ಇಂಥವರ ಅಳಿಯ, ಇಂಥ ಅಂಗಡಿಯ ಗುಮಾಸ್ತ, ಇಂಥ ಊರಿನ ಶಾನುಭೋಗರ ಮೊಮ್ಮಗ ಎಂದು ಗೊತ್ತಾದರೆ ಕೂರಲು ಜಾಗವೂ ಸಿಗುತ್ತಿತ್ತು, ಮಾಲು ಉದ್ರಿಯೂ ಸಿಗುತ್ತಿತ್ತು. ಗೊತ್ತಾಗದಿದ್ದರೆ ಎರಡೂ ಇಲ್ಲ. ಈ ಪ್ರಶ್ನೆಯನ್ನು ವಿದ್ವಾಂಸರೂ ಇನ್ನೂರು ವರ್ಷಗಳಿಂದ ಕೇಳುತ್ತಲೇ ಬಂದಿದ್ದಾರೆ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯರು ಕೇಳಿದರು, ಗೆಜೆಟಿಯರ್ ಬರೆದವರು ಕೇಳಿದರು, ಸಮಾಜಶಾಸ್ತ್ರಜ್ಞರು ಕೇಳಿದರು, ಈಚೆಗೆ ಅರ್ಥಶಾಸ್ತ್ರಜ್ಞರೂ ಕೇಳುತ್ತಿದ್ದಾರೆ. ಕೇಳಿದವರಿಗೆ ಏನು ಬೇಕಿತ್ತೋ ಅವರಿಗೆ ಕಂಡ ನಂಟೂ ಅದೇ ಆಯಿತು. ಈ ವಿದ್ಯೆಯ ಚರಿತ್ರೆಯಲ್ಲಿ ಕರ್ನಾಟಕದ ಪಾಲು ಬಹಳ ದೊಡ್ಡದು. ಆದರೆ ಆ ಪಾಲಿನ ಹೆಚ್ಚಿನದು ಹಳ್ಳಿಗಳದ್ದು, ಪೇಟೆಯದ್ದಲ್ಲ ಎಂಬುದು ನನ್ನ ತಕರಾರು.

ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮರುವರ್ಷ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಹೊರಟು ಬೆಂಗಳೂರಿಗೆ ಬಂದ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾರು ನೇಯುತ್ತಾರೆ, ಯಾರು ಮಾರುತ್ತಾರೆ ಎಂದು ತಿಳಿದುಕೊಳ್ಳುವುದು ಅವನಿಗೆ ವಹಿಸಿದ್ದ ಕೆಲಸ. 1807ರಲ್ಲಿ ಅಚ್ಚಾದ ಅವನ ಪ್ರವಾಸ ಕಥನದಲ್ಲಿ ಬಲಗೈ, ಎಡಗೈ ಪಂಗಡಗಳ ವಿವರ ಬರುತ್ತದೆ. ಮುಂದೆ ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ಇನ್ನಷ್ಟು ಬಿಡಿಸಿ ಬರೆದರು. ಬಲಗೈಯವರದು ಹದಿನೆಂಟು ಫಣ (ಜಾತಿಗುಂಪು), ಎಡಗೈಯವರದು ಒಂಬತ್ತು. ಬಲಗೈಗೆ ಬಣಜಿಗರು ಮುಂದಾಳುಗಳು, ಎಡಗೈಗೆ ಪಾಂಚಾಳರು. ನಗರ್ತರು, ದೇವಾಂಗರು, ತಿಗಳರು ಎಡಗೈಯಲ್ಲಿದ್ದರು. ಎಣ್ಣೆ ತೆಗೆಯುವವರಲ್ಲೂ ಒಂದೇ ಎತ್ತಿನ ಗಾಣದವರು ಬಲಗೈ, ಎರಡೆತ್ತಿನ ಗಾಣದವರು ಎಡಗೈ! ಹನ್ನೆರಡು ಕಂಬದ ಮದುವೆ ಚಪ್ಪರ, ಕುದುರೆ ಮೇಲೆ ಮೆರವಣಿಗೆ, ಹನುಮಂತನ ಚಿತ್ರದ ಬಾವುಟ ತಮಗೆ ಮಾತ್ರ ಸಲ್ಲಬೇಕೆಂದು ಬಲಗೈಯವರು ಹಟ ಹಿಡಿಯುತ್ತಿದ್ದರಂತೆ. ಎದುರು ಪಂಗಡದವರು ಹನ್ನೊಂದು ಕಂಬಕ್ಕೇ ನಿಲ್ಲಬೇಕಿತ್ತು. ಒಂದು ಕಂಬಕ್ಕಾಗಿ ಊರೇ ಎರಡು ಪಾಲಾಗುವ ಕಾಲ ಅದು.

ಈ ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಳೆಯ ಪೇಟೆಯ ಮೂಡಣ ಭಾಗದಲ್ಲಿ ನಡೆದರೆ ಕುತೂಹಲ ಹುಟ್ಟುತ್ತದೆ. ನಗರ್ತಪೇಟೆಯಲ್ಲಿ ನಗರ್ತರ ನಗರೇಶ್ವರನ ಗುಡಿ, ಪಾಂಚಾಳರೆಂದೂ ಕರೆಸಿಕೊಳ್ಳುವ ವಿಶ್ವಕರ್ಮರ ಕಾಳಿಕಾಂಬ ಕಮಠೇಶ್ವರನ ಗುಡಿ. ಪಕ್ಕದಲ್ಲೇ ತಿಗಳರಪೇಟೆ, ಧರ್ಮರಾಯನ ಗುಡಿ. ಇನ್ನೂ ಸ್ವಲ್ಪ ಮುಂದೆ ದೇವಾಂಗರ ಮಗ್ಗಗಳಿದ್ದ ಕಬ್ಬನ್‌ಪೇಟೆ. ಎಡಗೈ ಪಟ್ಟಿಯ ಹೆಸರುಗಳು ಒಂದರ ಮಗ್ಗುಲಿಗೆ ಇನ್ನೊಂದು ಕೂತ ಹಾಗಿದೆ. ಇದನ್ನು ಆಕಸ್ಮಿಕ ಎನ್ನಲು ನನಗೆ ಮನಸ್ಸಿಲ್ಲ. ಸಾಬೀತು ಮಾಡುವುದಕ್ಕೆ ಮನೆ ಮನೆಯ ದಾಖಲೆ ಬೇಕು, ಹಾಗಾಗಿ ಇದನ್ನು ಊಹೆಯೆಂದೇ ಓದಿಕೊಳ್ಳಿ. ಎಡಗೈ–ಬಲಗೈ ವಿಚಾರದಲ್ಲಿ 1970ರ ದಶಕದಲ್ಲಿ ಬ್ರೆಂಡಾ ಬೆಕ್, ಅರ್ಜುನ್ ಅಪ್ಪಾದುರೈ ಒಳ್ಳೆಯ ಕೆಲಸ ಮಾಡಿದರು. ಅವರ ಕಣ್ಣು ಹೆಚ್ಚಾಗಿ ತಮಿಳು ಸೀಮೆಯ ಮೇಲಿತ್ತು.

ಇತ್ತ ಪಂಗಡಗಳ ಪಟ್ಟಿ ಬೆಳೆಯುತ್ತಿದ್ದಾಗ ಅತ್ತ ಅಮೆರಿಕದಲ್ಲಿ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಕೀಲ ಲೋಕದ ನಾನಾ ಜನರ ಬಂಧುವಾಚಕಗಳನ್ನು ಪ್ರಶ್ನಾವಳಿ ಕಳಿಸಿ ತರಿಸಿಕೊಳ್ಳುತ್ತಿದ್ದ. 1871ರ ಅವನ ದೊಡ್ಡ ಗ್ರಂಥದಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡವೂ ಇದೆ. ನಮ್ಮ ಮನೆಗಳಲ್ಲಿ ಅಪ್ಪನ ಅಣ್ಣ ದೊಡ್ಡಪ್ಪನಾಗುತ್ತಾನೆ, ಅವನ ಮಗಳು ಅಕ್ಕನೋ ತಂಗಿಯೋ ಆಗುತ್ತಾಳೆ. ಅಮ್ಮನ ಅಣ್ಣ ಮಾತ್ರ ಸೋದರಮಾವ, ಅವನ ಮಗಳನ್ನು ಮದುವೆಯಾಗಬಹುದು. ಯಾವ ಮಗುವೂ ಇದನ್ನು ಶಾಲೆಯಲ್ಲಿ ಕಲಿಯುವುದಿಲ್ಲ. ಅಮೆರಿಕದ ಇರೊಕ್ವಾ ಮೂಲನಿವಾಸಿಗಳಲ್ಲೂ ಇಂಥದೇ ವಿಂಗಡಣೆ ಕಂಡು ಮಾರ್ಗನ್ ದಂಗಾದ. ಅವರು ಏಷ್ಯಾದಿಂದ ಹೋದವರೆನ್ನಲು ಇದೇ ಪುರಾವೆ ಎಂದು ವಾದಿಸಿದ. ವಾದ ನಿಲ್ಲಲಿಲ್ಲ, ಆದರೆ ಬಂಧುತ್ವವನ್ನು ಒಂದು ವ್ಯವಸ್ಥೆಯಾಗಿ ಓದುವ ಕ್ರಮ ನಿಂತಿತು. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆ 1953ರಲ್ಲಿ ಭಾರತವನ್ನು ಬಂಧುತ್ವದ ವಲಯಗಳಾಗಿ ವಿಂಗಡಿಸಿ ತೋರಿಸಿದರು. ಬಡಗಣದ ಸೊಸೆ ಅಪರಿಚಿತರ ಮನೆಗೆ ಹೋದರೆ ತೆಂಕಣದ ಸೊಸೆ ಎಷ್ಟೋ ಸಲ ಸೋದರತ್ತೆಯ ಮನೆಗೋ ಅಜ್ಜಿಯ ಮನೆಗೋ ಹೋಗುತ್ತಾಳೆ ಎಂಬ ಅವರ ಹೋಲಿಕೆ ಇವತ್ತಿಗೂ ಪಾಠಗಳಲ್ಲಿದೆ. ಲೂಯಿ ದ್ಯುಮೊಂ ಮತ್ತು ‘ದ್ರಾವಿಡ ಬಂಧುತ್ವ’ದ ಬಗ್ಗೆ 1981ರಲ್ಲಿ ಪುಸ್ತಕ ಬರೆದ ಥಾಮಸ್ ಟ್ರೌಟ್‌ಮನ್ ಇದೇ ಹಾದಿಯವರು. ಸೂಕ್ಷ್ಮವಾದ ಕೆಲಸ, ನಿಜ. ಓದುತ್ತಾ ಹೋದರೆ ಮನೆ ಇದೆ, ನಿಯಮ ಇದೆ, ಮನುಷ್ಯರೇ ಕಾಣುವುದಿಲ್ಲ.

ಮೈಸೂರು ಸಂಸ್ಥಾನದಲ್ಲಿ ಕುಲಗಳ ಸಮೀಕ್ಷೆ ಎಚ್.ವಿ. ನಂಜುಂಡಯ್ಯನವರ ಪಾಲಿಗೆ ಬಂತು. ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಆದವರು ಇವರೇ. ಒಂದೊಂದು ಜಾತಿಯ ಮೇಲೂ ಕಿರುಹೊತ್ತಗೆ ಬರೆಯಿಸಿದರು. 1920ರಲ್ಲಿ ಅವರು ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಆ ಸಾಮಗ್ರಿಯನ್ನು ಪರಿಷ್ಕರಿಸಿ 1928ರಿಂದ 1935ರ ನಡುವೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಹುಟ್ಟು, ಮದುವೆ, ಸಾವು, ಕುಲದೇವರು, ಬೆಡಗು ಎಲ್ಲ ಅದರಲ್ಲಿವೆ. ಇವತ್ತು ಓದಿದರೆ ಒಣಗಿದ ಎಲೆಗಳನ್ನು ಹಾಳೆಯ ನಡುವೆ ಅಂಟಿಸಿಟ್ಟ ಹಾಗೆ ಅನಿಸುತ್ತದೆ. ಆದರೆ ಪಟ್ಟಿ ಮಾಡುವುದು ನಿರುಪದ್ರವಿ ಕೆಲಸವಲ್ಲ. ಎಣಿಕೆಗೆ ಸಿಕ್ಕ ಜಾತಿಗಳು ಸಂಘ ಕಟ್ಟಿದವು. ಒಕ್ಕಲಿಗರ ಸಂಘ 1906ರಲ್ಲಿ ಹುಟ್ಟಿತು. 1918ರ ಮಿಲ್ಲರ್ ಸಮಿತಿಯ ಹೊತ್ತಿಗೆ ಸರ್ಕಾರಿ ಕೆಲಸದ ಪಾಲಿಗಾಗಿ ಜಾತಿಗಳ ಹೆಸರಿನಲ್ಲೇ ವಾದ ನಡೆಯಿತು. ಹಳ್ಳಿಯಲ್ಲಿ ಹತ್ತು ಮನೆಯ ನಂಟಾಗಿದ್ದದ್ದು ಬೆಂಗಳೂರಿಗೆ ಬಂದು ವಿದ್ಯಾರ್ಥಿನಿಲಯವಾಯಿತು, ಪತ್ರಿಕೆಯಾಯಿತು, ಬ್ಯಾಂಕಾಯಿತು. ಊರಿಂದ ಓದಲು ಬಂದ ಹುಡುಗನಿಗೆ ಹಾಸಿಗೆ, ಊಟ ಕೊಟ್ಟವು ಇವೇ. ಇದನ್ನು ಬರೀ ಜಾತೀಯತೆ ಎಂದು ತಳ್ಳಿಹಾಕುವವರು ಆ ಊಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪಟ್ಟಿಯಿಂದ ಮನುಷ್ಯರ ಕಡೆಗೆ ಈ ವಿದ್ಯೆಯನ್ನು ತಿರುಗಿಸಿದವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ಮುಂಬಯಿಯಲ್ಲಿ ಘುರ್ಯೆಯವರ ಕೈಕೆಳಗೆ ಓದಿ 1942ರಲ್ಲಿ ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ ಬರೆದ ಮೊದಲ ಪುಸ್ತಕ ಇನ್ನೂ ಹಳೆಯ ಜಾಡಿನದೇ. 1948ರಲ್ಲಿ ಮೈಸೂರಿಗೆ ಹತ್ತಿರದ ಹಳ್ಳಿಯೊಂದಕ್ಕೆ ಹೋಗಿ ಪಟೇಲರ ಎತ್ತಿನ ಮನೆಯಲ್ಲಿ ಬಿಡಾರ ಹೂಡಿದ ಮೇಲೆ ಬರವಣಿಗೆ ಬದಲಾಯಿತು. ಹಳ್ಳಿಗೆ ‘ರಾಂಪುರ’ ಎಂಬ ಹೆಸರು ಕೊಟ್ಟರು. ಒಂದೇ ಜಾತಿಯವರ ನಡುವಿನ ನಂಟು ಅಡ್ಡಕ್ಕೆ ಹಬ್ಬಿ ಊರೂರಿಗೆ ಹೋಗುತ್ತದೆ, ಒಂದೇ ಊರಿನ ಒಡೆಯ–ಒಕ್ಕಲು–ಸಾಲಗಾರರ ನಂಟು ಉದ್ದಕ್ಕೆ ಇಳಿದು ಜಾತಿಜಾತಿಗಳನ್ನು ಬಿಗಿಯುತ್ತದೆ ಎಂದು ಅವರು ತೋರಿಸಿಕೊಟ್ಟರು. ‘ಪ್ರಬಲ ಜಾತಿ’, ‘ವೋಟ್ ಬ್ಯಾಂಕ್’ ಎಂಬ ಮಾತುಗಳು ಓಡಾಟಕ್ಕೆ ಬಂದದ್ದು ಈ ಬರಹಗಳಿಂದ.

1970ರ ಏಪ್ರಿಲ್‌ನಲ್ಲಿ ಸ್ಟ್ಯಾನ್‌ಫೋರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಯಲ್ಲಿ ಅವರು ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ನೆನಪಿನಿಂದ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಅದರ ಒಂದು ಅಧ್ಯಾಯ ಸಾಮಾಜಿಕ ಸಂಬಂಧಗಳ ಗುಣದ ಬಗ್ಗೆಯೇ ಇದೆ. ಕೊಡುವುದು–ತಿರುಗಿಸುವುದು, ಮರ್ಯಾದೆ, ಸ್ನೇಹ, ಹಗೆ, ಗಾಳಿಮಾತು, ಹೊಟ್ಟೆಕಿಚ್ಚು, ನಗೆ ಎಲ್ಲ ಅಲ್ಲಿ ವಿಷಯಗಳೇ. ಟಿಪ್ಪಣಿ ಉಳಿದಿದ್ದರೆ ಈ ಅಧ್ಯಾಯ ಹೀಗೆ ಬರುತ್ತಿತ್ತೇ ಎಂಬ ಅನುಮಾನ ನನಗಿದೆ. ಅಂಕಿಅಂಶ ಬೆಂಕಿಗೆ ಹೋಯಿತು, ನೆನಪಿನಲ್ಲಿ ನಿಂತದ್ದು ನಡವಳಿಕೆ. ಪಟೇಲರ ಆಸರೆಯಲ್ಲಿದ್ದ ತಮಗೆ ಹಳ್ಳಿ ಮೇಲುಜಾತಿಯವರ ಕಣ್ಣಿನಿಂದಲೇ ಹೆಚ್ಚು ಕಂಡಿತು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಹೊಲಗೇರಿಯಿಂದ ನೋಡಿ ಬರೆದಿದ್ದರೆ ಆ ಅಧ್ಯಾಯದಲ್ಲಿ ನಗೆ ಸ್ವಲ್ಪ ಕಡಿಮೆ ಇರುತ್ತಿತ್ತೇನೋ.

ಶ್ರೀನಿವಾಸರ ರಾಂಪುರದ ವಾಸದ ಬೆನ್ನಿಗೇ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ನೀರಾವರಿ ನಂಟನ್ನು ಹೇಗೆ ಬದಲಿಸಿತೆಂದು ಸ್ಕಾರ್ಲೆಟ್ ಎಪ್‌ಸ್ಟೈನ್ ಬರೆದರು, ಉತ್ತರ ಕರ್ನಾಟಕದ ಹಳ್ಳಿಯ ಬಗ್ಗೆ ಕೆ. ಈಶ್ವರನ್, ಬೆಂಗಳೂರಿನ ಸೆರಗಿನ ಹಳ್ಳಿಯ ಬಗ್ಗೆ ಅಲನ್ ಬೀಲ್ಸ್ ಬರೆದರು. ಇವರ ದೆಸೆಯಿಂದ ಆಳಿಗೆ ಆಳು ಕೊಡುವ ಮುಯ್ಯಾಳು, ಉಡುಗೊರೆಯ ಮುಯ್ಯಿಗಳಂಥ ಕೊಡುಕೊಳೆಯ ಸಂಗತಿಗಳು ಶಾಸ್ತ್ರಕ್ಕೆ ಸೇರಿದವು. ಮುಯ್ಯಿಯನ್ನು ಹಳೆ ಮೈಸೂರಿನವರಿಗೆ ವಿವರಿಸಬೇಕಿಲ್ಲ. ಧಾರೆ ಮುಗಿದ ಕೂಡಲೆ ಚಪ್ಪರದ ಮೂಲೆಯಲ್ಲಿ ಅಕ್ಷರ ಚೆನ್ನಾಗಿರುವವನೊಬ್ಬ ಪುಸ್ತಕ ಬಿಚ್ಚಿ ಕೂರುತ್ತಾನೆ. ಮೊದಲ ಹಾಳೆಯ ಮೂಲೆಗೆ ಅರಿಸಿನ ಕುಂಕುಮ, ಮೇಲೆ ಶ್ರೀ, ಆಮೇಲೆ ಸಾಲಾಗಿ ಊರು, ಹೆಸರು, ದುಡ್ಡು. ಪಾತ್ರೆ ಕೊಟ್ಟವರಿದ್ದರೆ ‘ಕಂಚಿನ ಚೊಂಬು 1’. ಅವರ ಮನೆಯ ಮದುವೆ ಬಂದಾಗ ಈ ಪುಸ್ತಕ ತೆಗೆದು ನೋಡಿ, ಬಂದದ್ದಕ್ಕಿಂತ ಕಡಿಮೆಯಾಗದ ಹಾಗೆ ತಿರುಗಿಸಬೇಕು. ಮರೆತರೆ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಮುಂದಿನ ಮದುವೆಗೆ ಕರೆಯುವುದೂ ಇಲ್ಲ. ಉಡುಗೊರೆಯ ಒಳಗೆ ತಿರುಗಿಸುವ ಹೊಣೆ ಇರುತ್ತದೆ ಎಂದು ಮಾರ್ಸೆಲ್ ಮಾಸ್ 1925ರಲ್ಲಿ ಪ್ಯಾರಿಸಿನಿಂದ ಬರೆದಾಗ ನಮ್ಮಲ್ಲಿ ಅದಕ್ಕೆ ಖಾತೆ ಪುಸ್ತಕವೇ ಇತ್ತು.

ಪಟ್ಟಣದ ಕಥೆ ಇಷ್ಟು ತುಂಬಿಕೊಂಡಿಲ್ಲ. ಕೆನಡಾದ ಐಲೀನ್ ರಾಸ್ 1950ರ ದಶಕದಲ್ಲಿ ಬೆಂಗಳೂರಿನ ಮಧ್ಯಮ, ಮೇಲ್ವರ್ಗದ ಹಿಂದೂ ಕುಟುಂಬಗಳನ್ನು ಮಾತಾಡಿಸಿ 1961ರಲ್ಲಿ ಪುಸ್ತಕ ತಂದರು. ಒಟ್ಟು ಕುಟುಂಬ ಮುರಿದು ಚಿಕ್ಕ ಸಂಸಾರವಾಯಿತು ಎಂಬ ಸರಳ ಕಥೆ ಅದರಲ್ಲಿಲ್ಲ. ಮನೆ ಬೇರೆಯಾದರೂ ತಮ್ಮನ ಫೀಸು, ಸೋದರತ್ತೆಯ ಔಷಧಿ ಬೇರೆಯಾಗಲಿಲ್ಲ. ಅದಾದ ಮೇಲೆ ಪೇಟೆಯೊಳಗೆ ಕಾಲಿಟ್ಟ ಮುಖ್ಯ ಕೃತಿ ಸ್ಮೃತಿ ಶ್ರೀನಿವಾಸ್ ಅವರದು. 2001ರಲ್ಲಿ ಬಂದ ಅದು ತಿಗಳರ ಕರಗ ಹಬ್ಬವನ್ನು ಹಿಡಿದು ಊರನ್ನು ಓದುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಪೇಟೆಯ ಗುಡಿಗಳನ್ನು ಮುಟ್ಟಿ, ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಹಿಂತಿರುಗುತ್ತದೆ. ಕರಗ ಕಾಯುವ ವೀರಕುಮಾರರ ಕತ್ತಿ, ಬತ್ತಿದ ಸಂಪಂಗಿ ಕೆರೆ, ತಿಗಳರ ಮಾಯವಾದ ತೋಟಗಳು ಎಲ್ಲ ಒಂದೇ ಹಾದಿಯಲ್ಲಿ ಸಿಗುತ್ತವೆ. ಇಷ್ಟಾದರೂ ಅದು ವರ್ಷಕ್ಕೊಮ್ಮೆ ಬರುವ ಹಬ್ಬ. ಮಿಕ್ಕ ದಿನಗಳ ನಂಟನ್ನು ಯಾರು ಬರೆದರು?

ಅಷ್ಟರಲ್ಲಿ ವಿದ್ಯೆಯೇ ಗಣಿತದ ಕಡೆ ವಾಲಿತ್ತು. ಜೆ.ಎ. ಬಾರ್ನ್ಸ್ 1954ರಲ್ಲಿ ನಾರ್ವೆಯ ಮೀನುಗಾರರ ಊರನ್ನು ನಂಟಿನ ಬಲೆಯಾಗಿ ಬರೆದಿದ್ದರು. ಹತ್ತಿರದ ಗೆಳೆಯರಿಗಿಂತ ದೂರದ ಪರಿಚಯಸ್ಥರಿಂದಲೇ ಕೆಲಸದ ಸುದ್ದಿ ಬರುವುದು ಹೆಚ್ಚು ಎಂದು ಮಾರ್ಕ್ ಗ್ರಾನೊವೆಟರ್ 1973ರಲ್ಲಿ ತೋರಿಸಿದರು. ಈ ಶಾಖೆಯ ಅತಿ ಹೆಸರಾದ ಅಂಕಿಅಂಶ ಬಂದದ್ದು ಮಾತ್ರ ಕರ್ನಾಟಕದ 75 ಹಳ್ಳಿಗಳಿಂದ. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡಫ್ಲೊ, ಮ್ಯಾಥ್ಯೂ ಜಾಕ್ಸನ್ ಎಂಬ ಅರ್ಥಶಾಸ್ತ್ರಜ್ಞರ ತಂಡ ಅಲ್ಲಿ ಜಾತಕ ಕೇಳಲಿಲ್ಲ. ನಿಮ್ಮ ಮನೆಗೆ ಯಾರು ಬರುತ್ತಾರೆ, ನೀವು ಯಾರ ಮನೆಗೆ ಹೋಗುತ್ತೀರಿ, ಸೀಮೆಎಣ್ಣೆ ಅಥವಾ ಅಕ್ಕಿ ತೀರಿದರೆ ಯಾರನ್ನು ಕೇಳುತ್ತೀರಿ, ಕೈಗಡ ಯಾರು ಕೊಡುತ್ತಾರೆ, ಹುಷಾರಿಲ್ಲದಿದ್ದರೆ ಯಾರನ್ನು ಕರೆಯುತ್ತೀರಿ, ಗುಡಿಗೆ ಯಾರ ಜೊತೆ ಹೋಗುತ್ತೀರಿ ಎಂದು ಕೇಳಿದರು. ಇನ್ನೂರು ವರ್ಷದಲ್ಲಿ ಇಷ್ಟು ಒಳ್ಳೆಯ ಪ್ರಶ್ನಾವಳಿ ಬಂದಿರಲಿಲ್ಲ ಎನ್ನುತ್ತೇನೆ.

ಈ ತಂಡದ 2013ರ ಪ್ರಬಂಧದ ಪ್ರಕಾರ, ಕಿರುಸಾಲದ ಸುದ್ದಿಯನ್ನು ಮೊದಲು ಯಾರ ಕಿವಿಗೆ ಹಾಕುತ್ತಾರೆ ಎಂಬುದರ ಮೇಲೆ ಎಷ್ಟು ಮಂದಿ ಸಾಲಕ್ಕೆ ಸೇರುತ್ತಾರೆ ಎಂಬುದು ನಿಂತಿತ್ತು. ಬರೀ ಹೆಚ್ಚು ಜನರ ಪರಿಚಯವಿದ್ದರೆ ಸಾಲದು, ಪರಿಚಯದವರೂ ಬಳಕೆಯುಳ್ಳವರಾಗಿರಬೇಕು. 2019ರಲ್ಲಿ ಬಂದ ಇನ್ನೊಂದು ಪ್ರಬಂಧ ಗಾಳಿಮಾತಿನ ಮೇಲೆ. ಸುದ್ದಿ ಹಬ್ಬಿಸಲು ಯಾರು ಸರಿ ಎಂದು ಊರವರನ್ನೇ ಕೇಳಿದರೆ ಅವರು ಹೇಳುವ ಹೆಸರು ಸರಿಯಾಗಿಯೇ ಇರುತ್ತದಂತೆ. ಶ್ರೀನಿವಾಸ್ ಎತ್ತಿನ ಮನೆಯಲ್ಲಿ ಕೂತು ಕಂಡದ್ದು ಏಳು ದಶಕದ ಮೇಲೆ ಸಮೀಕರಣವಾಗಿ ಬಂತು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ ತಂಡದ ಇತ್ತೀಚಿನ ಶೋಧ. ಕಿರುಸಾಲ ಸಂಸ್ಥೆ ಕಾಲಿಟ್ಟ ಹಳ್ಳಿಗಳಲ್ಲಿ ಜನರ ನಡುವಿನ ನಂಟೇ ಕುಗ್ಗಿತು, ಸಾಲ ಪಡೆಯದವರ ನಂಟು ಸಹ. ಸಂಸ್ಥೆಯಿಂದ ದುಡ್ಡು ಸಿಗುವಾಗ ಪಕ್ಕದ ಮನೆಯವರ ಮುಂದೆ ಕೈಚಾಚುವ ಪ್ರಮೇಯ ಇಲ್ಲ, ಆ ನೆಪದಲ್ಲಿ ಆಡುತ್ತಿದ್ದ ಮಾತೂ ಇಲ್ಲ. ಈ ಅಂಕಿಅಂಶದಿಂದ ಬಿಡಿಸಿದ ಹಳ್ಳಿಯ ಚಿತ್ರಗಳಲ್ಲಿ ಅಕ್ಕಿ, ಸೀಮೆಎಣ್ಣೆಯ ಗೆರೆಗಳು ಬಹುಪಾಲು ಜಾತಿಯ ಒಳಗೇ ಸುತ್ತುತ್ತವೆ. ಬುಕಾನನ್ ಕಾಲದ ಫಣಗಳು ಹೋದವು, ಗೆರೆ ಹೋಗಿಲ್ಲ.

ಕೊರತೆಯೂ ಇದೆ. ಗೆರೆ ಎಳೆದವರಿಗೆ ಅದರ ಭಾರ ಗೊತ್ತಾಗುವುದಿಲ್ಲ. ಹಂಗಿನ ಅಕ್ಕಿ, ಪ್ರೀತಿಯ ಅಕ್ಕಿ ಎರಡೂ ಕಂಪ್ಯೂಟರಿಗೆ ಒಂದೇ. ಗುಣ ಬಲ್ಲ ಶ್ರೀನಿವಾಸ್, ಲೆಕ್ಕ ಬಲ್ಲ ಅರ್ಥಶಾಸ್ತ್ರಜ್ಞರು ಇಬ್ಬರೂ ಸೇರಿ ಕೂತಿದ್ದರೆ ಎನಿಸುತ್ತದೆ. ಅವರನ್ನು ಕೂರಿಸಲು ನಗರ್ತಪೇಟೆಗಿಂತ ಒಳ್ಳೆಯ ಜಾಗ ಯಾವುದಿದೆ? ಬಟ್ಟೆ, ಪ್ಲಾಸ್ಟಿಕ್, ವಿದ್ಯುತ್ ಸಾಮಾನುಗಳ ಸಗಟು ಅಂಗಡಿಗಳ ಮಹಡಿಯಲ್ಲಿ ಬಂಗಾಳದಿಂದ ಬಂದ ಅಕ್ಕಸಾಲಿಗರು ಕೆಲಸ ಮಾಡುತ್ತಾರೆ. ಮಾರ್ವಾಡಿ, ಗುಜರಾತಿ ಮಾಲೀಕರು ಕನ್ನಡ, ತೆಲುಗು, ಉರ್ದು ಬೆರೆಸಿ ವ್ಯಾಪಾರ ಮಾಡುತ್ತಾರೆ. ಹೊರ ಊರಿನ ಚಿಲ್ಲರೆ ಅಂಗಡಿಯವರು ಬಾಯಿಮಾತಿನ ಮೇಲೆ ಮಾಲು ಒಯ್ಯುತ್ತಾರೆ. ಇಲ್ಲಿ ಯಾರು ಯಾರನ್ನು ಯಾಕೆ ನಂಬುತ್ತಾರೆ ಎಂದು ಆ 75 ಹಳ್ಳಿಗಳಲ್ಲಿ ಕೇಳಿದಷ್ಟು ತಾಳ್ಮೆಯಿಂದ ಕೇಳುವ ಕೆಲಸ ಬೆಂಗಳೂರಿನ ವಿಶ್ವವಿದ್ಯಾಲಯಗಳದ್ದು.

ಅದಕ್ಕೆ ಬೇಕಾದ ಹಳೆಯ ದಾಖಲೆ ನಮ್ಮ ಮನೆಗಳಲ್ಲೇ ಇದೆ. ಹಿಂದಿನ ವರ್ತಕರು ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಚಿ, ಬಳಪದಲ್ಲಿ ಬರೆದ ಕಡತಗಳು, ಉದ್ರಿ ಖಾತೆಗಳು, ಚೀಟಿಯ ಲೆಕ್ಕ, ಗುಡಿಯ ಚಂದಾ ಪುಸ್ತಕ, ಮದುವೆಯ ಮುಯ್ಯಿ ಪುಸ್ತಕ ಅಟ್ಟದ ಮೇಲೆ ಬಿದ್ದಿರುತ್ತವೆ. ಹಳೆ ಮನೆ ಕೆಡವುವಾಗ ಮೊದಲು ರದ್ದಿಗೆ ಹೋಗುವುದು ಇವೇ. ಹಾಗೆ ಕೊಡಬೇಡಿ. ಕೊನೆಯ ಪಕ್ಷ ಒಂದೊಂದು ಹಾಳೆಯ ಫೋಟೊ ತೆಗೆದಿಟ್ಟು, ಆ ಹೆಸರುಗಳು ಯಾರು ಯಾರವೆಂದು ಮನೆಯ ಹಿರಿಯರನ್ನು ಕೇಳಿ ಪಕ್ಕದಲ್ಲಿ ಬರೆದಿಡಿ.