‘ಸೈಫರ್’ ಶಬ್ದದ ಮೂಲವಿಚಾರ

ಆಂಗ್ಲಭಾಷೆಯಲ್ಲಿ ‘ಸೈಫರ್’ ಎಂಬ ಶಬ್ದವು ಸೊನ್ನೆ, ಅಂಕೆ, ಗೂಢಲಿಪಿ, ಗಣನೆಗೆ ಬಾರದ ಮನುಷ್ಯ ಎಂಬ ಹಲವು ಅರ್ಥಗಳಲ್ಲಿ ಪ್ರಯುಕ್ತವಾಗಿದೆ. ಇದು ಅರಬ್ಬೀ ಭಾಷೆಯ ‘ಸಿಫ್ರ್’ ಎಂಬುದರಿಂದ ಬಂದಿತೆಂಬುದು ನಿರ್ವಿವಾದವು. ಆದರೆ ಆ ಸಿಫ್ರ್ ಎಂಬುದೇ ಸಂಸ್ಕೃತ ‘ಶೂನ್ಯ’ ಶಬ್ದದ ಅಪಭ್ರಂಶವೆಂದು ಭಾರತೀಯರಲ್ಲಿ ಕೆಲವರು ಅಭಿಮಾನದಿಂದ ಹೇಳುವುದುಂಟು. ಅಭಿಮಾನವು ಶ್ಲಾಘ್ಯವಾದರೂ ಶಬ್ದಶಾಸ್ತ್ರದಲ್ಲಿ ಅದು ಪ್ರಮಾಣವಾಗಲಾರದು.

ಶೂನ್ಯದ ನಕಾರ ಯಕಾರಗಳು ಫಕಾರ ರೇಫಗಳಾಗುವುದಕ್ಕೆ ಯಾವ ವರ್ಣವಿಕಾರ ನಿಯಮವೂ ಇಲ್ಲ. ತದ್ಭವವು ಹೇಗಿರಬೇಕೆಂಬುದಕ್ಕೆ ಕನ್ನಡದ ‘ಸೊನ್ನೆ’ಯೇ ನಿದರ್ಶನ. ಶೂನ್ಯವು ಪ್ರಾಕೃತದಲ್ಲಿ ‘ಸುಣ್ಣ’ವಾಗಿ, ಕನ್ನಡದಲ್ಲಿ ಸೊನ್ನೆಯಾಗಿ, ಕಡೆಗೆ ಅನುಸ್ವಾರಕ್ಕೂ ಹೆಸರಾಯಿತು. ಸಿಫ್ರ್ ಅಂಥದಲ್ಲ. ಬರಿದಾಗುವುದೆಂಬ ಅರ್ಥವುಳ್ಳ, ಮೂರು ವ್ಯಂಜನಗಳ ಅಚ್ಚ ಅರಬ್ಬೀ ಧಾತುವಿನಿಂದ ಅದು ನಿಷ್ಪನ್ನವಾಗಿದೆ. ಬರಿಗೈಯವನನ್ನು ಅರಬ್ಬರು ‘ಸಿಫ್ರುಲ್ ಯದೈನ್’ ಎನ್ನುವರು. (ಶೂನ್ಯಕ್ಕಾದರೋ ವೈಯಾಕರಣರು ಶ್ವನ್ ಶಬ್ದದಿಂದ, ನಾಯಿಗೆ ಹಿತವಾದುದು ಎಂದು ವ್ಯುತ್ಪತ್ತಿ ಹೇಳಿರುವರು; ಜನರಿಲ್ಲದೆಡೆ ನಾಯಿಗಳದೇ ರಾಜ್ಯವಷ್ಟೆ!)

ಹಾಗಾದರೆ ಎರಡಕ್ಕೂ ಸಂಬಂಧವೇ ಇಲ್ಲವೇ? ಉಂಟು, ಅದು ಧ್ವನಿಯ ಸಂಬಂಧವಲ್ಲ, ಅರ್ಥದ ಸಂಬಂಧ. ಬ್ರಹ್ಮಗುಪ್ತನು ಕ್ರಿ.ಶ. 628ರಲ್ಲಿ ಶೂನ್ಯದ ಸಂಕಲನ ವ್ಯವಕಲನಾದಿಗಳಿಗೆ ಸೂತ್ರಗಳನ್ನು ರಚಿಸಿದನು. ಎಂಟನೆಯ ಶತಮಾನದಲ್ಲಿ ಸಂಸ್ಕೃತ ಸಿದ್ಧಾಂತಗ್ರಂಥಗಳು ಬಾಗ್ದಾದಿನಲ್ಲಿ ಅರಬ್ಬಿಗೆ ಅನುವಾದಗೊಂಡವು. ಒಂಬತ್ತನೆಯ ಶತಮಾನದ ಮೊದಲಲ್ಲಿ ಅಲ್ ಖ್ವಾರಿಜ್ಮಿಯು ಭಾರತೀಯ ಗಣನಪದ್ಧತಿಯನ್ನು ಕುರಿತು ಗ್ರಂಥವನ್ನೇ ಬರೆದನು. ಅದರ ಮೂಲವು ಅಳಿದು ಲ್ಯಾಟಿನ್ ರೂಪ ಮಾತ್ರ ಉಳಿದಿದೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ನೃಪತುಂಗನ ಕಾಲದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದಲ್ಲಿ ಸೊನ್ನೆಗೆ ಕೊಡುವ ಪರ್ಯಾಯನಾಮಗಳಲ್ಲಿ ಬಹುಭಾಗವು ಆಕಾಶ, ಗಗನ, ಅಂಬರ, ಖ ಮೊದಲಾದ ಆಕಾಶವಾಚಕಗಳೇ. ಅರಬ್ಬರು ಇವನ್ನು ಭಾಷಾಂತರಿಸಿದ್ದರೆ ಸೊನ್ನೆಗೆ ಆಕಾಶವೆಂಬ ಹೆಸರು ಬರಬೇಕಾಗಿತ್ತು. ಬಂದದ್ದು ಬರಿದೆಂಬ ಹೆಸರು. ಎಂದರೆ ಅವರ ಮುಂದಿದ್ದುದು ಶೂನ್ಯಶಬ್ದವೇ. ಅಂಕೆಯಿಲ್ಲದ ಸ್ಥಾನವನ್ನು ಕಂಡವನಿಗೆ ಈ ಹೆಸರು ತಾನಾಗಿಯೇ ಹೊಳೆಯಲಾರದೇ ಎಂದು ಆಕ್ಷೇಪಿಸಬಹುದು. ಹೊಳೆಯಬಹುದು, ಆದರೆ ಅಂಕಗಳನ್ನೂ ಪದ್ಧತಿಯನ್ನೂ ಅರಬ್ಬರೇ ಭಾರತೀಯವೆಂದು ಕರೆದಿರುವಲ್ಲಿ, ಹೆಸರೊಂದಕ್ಕೆ ಮಾತ್ರ ಬೇರೆ ಮೂಲವನ್ನು ಊಹಿಸುವುದು ಕಲ್ಪನಾಗೌರವವೆನಿಸುತ್ತದೆ.

ಯೂರೋಪಿಗೆ ಈ ಶಬ್ದವು ಎರಡು ದಾರಿಗಳಿಂದ ಹೋಯಿತು. ಇಟಲಿಯ ಪೀಸಾ ನಗರದ ಲಿಯೊನಾರ್ಡೊ ಎಂಬ ಗಣಿತಜ್ಞನು 1202ರಲ್ಲಿ ರಚಿಸಿದ ತನ್ನ ಗ್ರಂಥದಲ್ಲಿ ಅದನ್ನು ‘ಜೆಫಿರುಮ್’ ಎಂದು ಬರೆದನು. ಅದೇ ಇಟಲಿಯ ಜನರ ಬಾಯಲ್ಲಿ ಸವೆದು ‘ಜೀರೊ’ ಆಗಿ, ಫ್ರೆಂಚಿನ ಮೂಲಕ 1600ರ ಸುಮಾರಿಗೆ ಆಂಗ್ಲಭಾಷೆಗೆ ಸೇರಿತು. ಮತ್ತೊಂದು ದಾರಿಯದು ಲ್ಯಾಟಿನ್ನಿನ ‘ಸಿಫ್ರಾ’. ಹಳೆಯ ಫ್ರೆಂಚಿನ ಮೂಲಕ ಹದಿನಾಲ್ಕನೆಯ ಶತಮಾನದ ಕಡೆಯ ಹೊತ್ತಿಗೇ ಅದು ಸೈಫರ್ ಆಗಿ ಬಂದಿತ್ತು. ಮೊದಲು ಸೊನ್ನೆಯನ್ನಷ್ಟೇ ಹೇಳುತ್ತಿದ್ದ ಆ ಶಬ್ದವು ಕ್ರಮೇಣ ಯಾವ ಅಂಕೆಗಾದರೂ ಸಲ್ಲತೊಡಗಿತು. ಅಕ್ಷರಗಳಿಗೆ ಬದಲಾಗಿ ಅಂಕೆಗಳನ್ನಿಟ್ಟು ರಹಸ್ಯವನ್ನು ಬರೆಯುವ ವಾಡಿಕೆಯಿಂದ ಹದಿನಾರನೆಯ ಶತಮಾನದಲ್ಲಿ ಗೂಢಲಿಪಿಯೆಂಬ ಅರ್ಥವೂ ಕೂಡಿತು. ಫ್ರೆಂಚಿನ ‘ಶಿಫ್ರ್’, ಜರ್ಮನಿನ ‘ತ್ಸಿಫರ್’ ಎಂಬ ಸೋದರಶಬ್ದಗಳಲ್ಲಿ ಇಂದು ಸೊನ್ನೆಯೆಂಬ ಅರ್ಥವೇ ಹೋಗಿ ಅಂಕೆಯೆಂಬುದು ನಿಂತಿದೆ. ಬರಿದೆಂದು ಹೇಳಲು ಹುಟ್ಟಿದ ಶಬ್ದವು ಅಲ್ಲಿ ಒಂದರಿಂದ ಒಂಬತ್ತರವರೆಗಿನ ಅಂಕೆಗಳಿಗೂ ಹೆಸರಾಗಿದೆ.