ರೈಲ್ವೆ ಇಂಟರ್‌ಲಾಕಿಂಗ್: ಗಣಕನಿಯಂತ್ರಿತ ಸಂಕೇತಗಳ ಸುರಕ್ಷತಾ ವೈಫಲ್ಯಗಳು

ಗಾಡಿಯನ್ನು ಒಂದು ಹಳಿಯಿಂದ ಮತ್ತೊಂದಕ್ಕೆ ತಿರುಗಿಸುವ ಪಾಯಿಂಟ್ ಒಂದು ಮಾರ್ಗಕ್ಕೆ ತಿರುಗಿರುವಾಗ ಸಿಗ್ನಲ್ ಮತ್ತೊಂದು ಮಾರ್ಗಕ್ಕೆ ಹಸಿರು ತೋರದಂತೆ ಅವೆರಡನ್ನೂ ಪರಸ್ಪರ ಬಂಧಿಸುವ ವ್ಯವಸ್ಥೆಗೆ ಇಂಟರ್‌ಲಾಕಿಂಗ್ ಎಂದು ಹೆಸರು. 1856ರಲ್ಲಿ ಜಾನ್ ಸ್ಯಾಕ್ಸ್‌ಬಿ ಪೇಟೆಂಟ್ ಪಡೆದ ಸನ್ನೆಗಳ ಯಂತ್ರದಿಂದ ಮೊದಲಾಗಿ, ರಿಲೇಗಳ ಕಾಲವನ್ನು ಹಾದು, 1985ರಲ್ಲಿ ಬ್ರಿಟನ್ನಿನ ಲೆಮಿಂಗ್ಟನ್ ಸ್ಪಾದಲ್ಲಿ ಇದು ಗಣಕರೂಪವನ್ನು ತಾಳಿತು. ಅಲ್ಲಿ ಮೂರು ಪ್ರೊಸೆಸರುಗಳು ಒಂದೇ ಲೆಕ್ಕವನ್ನು ಬೇರೆಬೇರೆಯಾಗಿ ಮಾಡುತ್ತಿದ್ದು, ಎರಡಾದರೂ ಒಮ್ಮತಕ್ಕೆ ಬಂದ ಹೊರತು ಆಜ್ಞೆ ಹೊರಡುತ್ತಿರಲಿಲ್ಲ. ಭಾರತದಲ್ಲಿ 2023ರ ವೇಳೆಗೆ 6,000ಕ್ಕೂ ಹೆಚ್ಚು ನಿಲ್ದಾಣಗಳು ವಿದ್ಯುತ್ ಅಥವಾ ಗಣಕ ಆಧಾರಿತ ಇಂಟರ್‌ಲಾಕಿಂಗಿಗೆ ಒಳಪಟ್ಟಿದ್ದವು.

ಇದರ ವೈಫಲ್ಯಗಳನ್ನು ವಾರ್ತಾವರದಿಗಳು ಸಾಮಾನ್ಯವಾಗಿ ‘ತಂತ್ರಾಂಶದ ದೋಷ’ವೆಂಬ ಒಂದೇ ಶಿರೋನಾಮೆಯಡಿ ಸೇರಿಸುವುದರಿಂದ ಎರಡು ಭಿನ್ನ ಜಾತಿಯ ಘಟನೆಗಳು ಕಲಸಿಹೋಗಿವೆ. ಮೊದಲನೆಯದು ವಿನ್ಯಾಸದಲ್ಲಿಯೇ ಹುದುಗಿದ ದೋಷ. 2011ರ ಜುಲೈ 23ರಂದು ಚೀನಾದ ವೆನ್‌ಝೌ ಬಳಿ ಸಿಡಿಲಿನಿಂದ ಫ್ಯೂಸು ಸುಟ್ಟ ಮೇಲೆಯೂ ಉಪಕರಣವು ‘ಹಳಿ ಖಾಲಿ’ ಎಂಬ ಹಳೆಯ ಮಾಹಿತಿಯನ್ನೇ ಕಳುಹಿಸುತ್ತ ಹಸಿರನ್ನು ಉಳಿಸಿದ್ದರಿಂದ ರೈಲುಗಳು ಡಿಕ್ಕಿಯಾಗಿ 40 ಮಂದಿ ಮೃತರಾದರು. ಎರಡನೆಯದು ತಂತಿಯ ದೋಷ: ತರ್ಕವು ನಿರ್ದುಷ್ಟವಾಗಿದ್ದರೂ ಅದಕ್ಕೆ ತಲಪುವ ಸಮಾಚಾರವೇ ಸುಳ್ಳಾಗಿರುತ್ತದೆ. ಗಣಕವಿಲ್ಲದ ರಿಲೇ ವ್ಯವಸ್ಥೆಯಲ್ಲಿಯೂ ಇದು ಸಂಭವಿಸಿದೆ. 1988ರ ಡಿಸೆಂಬರ್ 12ರಂದು ಲಂಡನ್ನಿನ ಕ್ಲ್ಯಾಪಮ್ ಜಂಕ್ಷನ್ನಿನಲ್ಲಿ ಕಳಚದೆ ಬಿಟ್ಟಿದ್ದ ಹಳೆಯ ತಂತಿಯೊಂದು 35 ಜನರ ಮರಣಕ್ಕೆ ಕಾರಣವಾಯಿತು.

ಕರ್ನಾಟಕದ ಮುಖ್ಯ ನಿದರ್ಶನ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ರೋಡ್ ನಿಲ್ದಾಣದ್ದು. 2023ರ ಫೆಬ್ರವರಿ 8ರಂದು ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ನಿಲ್ದಾಣವನ್ನು ಬಿಟ್ಟು ಹೊರಟಾಗ ಮುಂದಿನ ಪಾಯಿಂಟ್ ತಪ್ಪು ಮಾರ್ಗಕ್ಕೆ ತಿರುಗಿರುವುದನ್ನು ಕಂಡ ಲೋಕೋ ಪೈಲಟ್ ಗಾಡಿಯನ್ನು ನಿಲ್ಲಿಸಿ ಅನಾಹುತವನ್ನು ತಪ್ಪಿಸಿದನು. ಮರುದಿನ ನೈರುತ್ಯ ರೈಲ್ವೆಯ ಪ್ರಧಾನ ಮುಖ್ಯ ಕಾರ್ಯಾಚರಣಾ ವ್ಯವಸ್ಥಾಪಕರು ಬರೆದ ಪತ್ರವು, ಗಾಡಿ ಹೊರಟ ಮೇಲೆ ಮಾರ್ಗವು ಬದಲಾಗುವುದು ಇಂಟರ್‌ಲಾಕಿಂಗಿನ ಮೂಲತತ್ತ್ವಕ್ಕೇ ವಿರುದ್ಧವೆಂದೂ ವ್ಯವಸ್ಥೆಯಲ್ಲಿ ಗಂಭೀರ ಲೋಪವಿದೆಯೆಂದೂ ಎಚ್ಚರಿಸಿತು. ಈ ಪತ್ರವನ್ನು ಗಣಕದ ಮೇಲಿನ ದೋಷಾರೋಪಣೆಯೆಂದು ಓದಿದವರುಂಟು. ಆದರೆ ಅದೇ ಪತ್ರವು, ಸಂಪರ್ಕ ಕಡಿಯಲು ಬೇಕಾದ ಲಿಖಿತ ಅನುಮತಿಯಾದ ಡಿಸ್‌ಕನೆಕ್ಷನ್ ಮೆಮೊ ಇಲ್ಲದೆ ಹಳಿಯ ಬದಿಯ ಲೊಕೇಶನ್ ಬಾಕ್ಸನ್ನು ತೆರೆದು ಸಂಪರ್ಕವನ್ನು ಬದಲಿಸಿದ ಸಿಬ್ಬಂದಿಯ ಕೃತ್ಯವನ್ನೂ ಹೇಳುತ್ತದೆ. ಪೆಟ್ಟಿಗೆಯ ಬೀಗವೊಂದನ್ನು ತೆರೆದ ಮಾತ್ರಕ್ಕೆ ಸಮಸ್ತ ತರ್ಕವೂ ನಿರರ್ಥಕವಾಗಬಹುದಾದರೆ ಅದನ್ನು ಕೇವಲ ವ್ಯಕ್ತಿದೋಷವೆಂದು ತಳ್ಳಿಹಾಕಲಾಗದು. ಆದ್ದರಿಂದ ಪತ್ರದ ಎರಡು ಮಾತುಗಳೂ ಏಕಕಾಲದಲ್ಲಿ ಸತ್ಯವೆಂದೇ ಗ್ರಹಿಸಬೇಕಾಗುತ್ತದೆ.

ನಾಲ್ಕು ತಿಂಗಳು ತುಂಬುವ ಮೊದಲೇ, ಜೂನ್ 2ರಂದು, ಒಡಿಶಾದ ಬಾಹಾನಗಾ ಬಜಾರ್ ನಿಲ್ದಾಣದಲ್ಲಿ ಮುಖ್ಯಮಾರ್ಗಕ್ಕೆ ಹಸಿರು ಪಡೆದ ಕೋರಮಂಡಲ್ ಎಕ್ಸ್‌ಪ್ರೆಸ್ ಲೂಪ್ ಮಾರ್ಗವನ್ನು ಹೊಕ್ಕು, ನಿಂತಿದ್ದ ಗೂಡ್ಸ್ ಗಾಡಿಗೆ ಅಪ್ಪಳಿಸಿತು. 290ಕ್ಕೂ ಹೆಚ್ಚು ಜನ ಅಸುನೀಗಿದರು. 94ನೆಯ ಲೆವೆಲ್ ಕ್ರಾಸಿಂಗ್ ಗೇಟಿನ ವಿದ್ಯುತ್ ತಡೆಗಂಬವನ್ನು ಬದಲಿಸುವ ಕೆಲಸದಲ್ಲಿ ನಡೆದ ತಪ್ಪು ಜೋಡಣೆ, ಹಾಗೂ ಹಿಂದಿನ ಮಾರ್ಪಾಡಿನಿಂದಲೇ ಉಳಿದುಬಂದಿದ್ದ ತಂತಿಗಳ ತಪ್ಪು ಹೆಸರುಪಟ್ಟಿಗಳು ಇದಕ್ಕೆ ಕಾರಣವೆಂದು ರೈಲ್ವೆ ಸುರಕ್ಷತಾ ಆಯುಕ್ತರ ವರದಿ ನಿರ್ಣಯಿಸಿತು. 2022ರ ಮೇ 16ರಂದು ಅದೇ ವಲಯದ ಬಾಂಕ್ರಾನಯಾಬಾಜ್ ನಿಲ್ದಾಣದಲ್ಲಿ ತಪ್ಪು ತಂತಿಜೋಡಣೆಯಿಂದ ಇಂಥದೇ ಘಟನೆ ನಡೆದಿತ್ತೆಂದೂ, ಆಗಲೇ ಅದನ್ನು ಸರಿಪಡಿಸಿದ್ದರೆ ಬಾಹಾನಗಾ ದುರಂತ ಸಂಭವಿಸುತ್ತಿರಲಿಲ್ಲವೆಂದೂ ಆ ವರದಿಯೇ ದಾಖಲಿಸಿದೆ.